ನಡುಹಗಲಿನ ಹಾವು

ಹೆಬ್ಬಾಗಿಲು ದಾಟುವುದಕ್ಕೆ ಮೊದಲೇ ಹಾವು ಎದುರಾಗುತ್ತದೆ. ಗೋಡೆಯ ಕಲ್ಲಿನಲ್ಲಿ ಕಡೆದ ಸರ್ಪ, ಹೆಡೆ ಬಿಚ್ಚಿಕೊಂಡು ಬಿಸಿಲು ಕಾಯುತ್ತಾ ನಿಂತಿದೆ. ಮಾವ ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡು, ಬಾಟಲಿ ಎತ್ತಿ ಎರಡು ಗುಟುಕು ನೀರು ಕುಡಿದು, ಅದರ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

"ನೋಡಪ್ಪ, ಪೋಸ್ಟರು. ಸಿನಿಮಾ ಶುರುವಾತು ಅನ್ಕ."

ಚಿತ್ರದುರ್ಗದಲ್ಲಿ ಮಾರ್ಚ್ ತಿಂಗಳ ಹನ್ನೊಂದು ಗಂಟೆ ಎಂದರೆ ಬೇರೆ ಊರಿನ ನಡುಮಧ್ಯಾಹ್ನ. ಬಂಡೆ ಆಗಲೇ ಕಾದಿದೆ. ಕೈ ಊರಿದರೆ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳಬೇಕು. ಏಳು ಸುತ್ತಿನ ಕೋಟೆಯ ದಾರಿ ಎಲ್ಲೂ ನೆಟ್ಟಗೆ ಹೋಗುವುದಿಲ್ಲ. ಗೋಡೆ ಅಡ್ಡ ಬರುತ್ತದೆ, ತಿರುಗಿದರೆ ಬಾಗಿಲು, ಬಾಗಿಲಾಚೆ ಮತ್ತೆ ಗೋಡೆ. ಆನೆ ಓಡಿಬಂದು ಕದಕ್ಕೆ ಗುದ್ದಬಾರದು ಅಂತ ಪಾಳೆಯಗಾರರು ಮಾಡಿಸಿದ ತಿರುವುಗಳು. ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂತ ಕಲ್ಲುಗಳ ನಡುವೆ ಸಂದು ಹುಡುಕಲು ಉಗುರು ಬೇಕು. ಶಾಲೆ ಮಕ್ಕಳ ಹಿಂಡೊಂದು ನಮ್ಮನ್ನು ದಾಟಿಕೊಂಡು ಓಡುತ್ತದೆ. ಹಿಂದೆ ಏದುಸಿರು ಬಿಡುತ್ತಾ ಮೇಷ್ಟ್ರು, ಕೊರಳಲ್ಲಿ ಸೀಟಿ. "ಯಾರೂ ಬಂಡೆ ಹತ್ತಂಗಿಲ್ಲ" ಎಂದು ಅವರು ಕೂಗುವ ಹೊತ್ತಿಗೆ ಇಬ್ಬರು ಹುಡುಗರು ಆಗಲೇ ಬಂಡೆಯ ನೆತ್ತಿಯಲ್ಲಿದ್ದಾರೆ.

ಹೀಗೆ ಬಂಡೆ ಹತ್ತಿದ ಹುಡುಗನೊಬ್ಬನ ಕಥೆಯೇ ‘ನಾಗರಹಾವು’. 1972ರ ಡಿಸೆಂಬರ್ 29ರಂದು ತೆರೆಗೆ ಬಂತು. ತರಾಸು, ಅಂದರೆ ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಟ್ಟಿಗೆ ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ದುಡ್ಡು ಹಾಕಿದವರು ಎನ್. ವೀರಾಸ್ವಾಮಿ. ರಾಮಾಚಾರಿಯಾದ ವಿಷ್ಣುವರ್ಧನ್‌ಗೆ ಆಗ 22 ವರ್ಷ, ಜಲೀಲನಾದ ಅಂಬರೀಷ್‌ಗೆ 20. ಮಾವ ಇನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ತಮ್ಮೂರು ಮಾರಿಕಣಿವೆಯಿಂದ ಹಿರಿಯೂರಿಗೆ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋಗಿ ನೋಡಿದ್ದು. ವಾಪಸು ಬರುವಾಗ ಕತ್ತಲಲ್ಲಿ ರಸ್ತೆಗೆ ಅಡ್ಡ ಬಿದ್ದ ಪ್ರತಿ ಕಡ್ಡಿಯೂ ಹಾವಾಗಿತ್ತಂತೆ.

ಇಂಗ್ಲಿಷಿನವರು ಗಾಥಿಕ್ ಎಂದು ಕರೆಯುವ ಕಥೆಗಳಿಗೆ ಒಂದು ಸಾಮಾನು ಪಟ್ಟಿಯೇ ಇದೆ. ಪಾಳುಬಿದ್ದ ಕೋಟೆ, ಗುಟ್ಟಿನ ದಾರಿ, ನೆಲಮಾಳಿಗೆ, ಬೆನ್ನು ಬಿಡದ ಹಳೆಯ ಪಾಪ, ಪ್ರಪಾತದ ಅಂಚು. ಇಷ್ಟೂ ಈ ಬೆಟ್ಟದಲ್ಲಿವೆ. ಇಲ್ಲದಿರುವುದು ಮಂಜು ಮತ್ತು ಮೋಂಬತ್ತಿ. ಪುಟ್ಟಣ್ಣ ಅವನ್ನು ಎಲ್ಲಿಂದಲೋ ಹೊತ್ತು ತರುವ ಗೊಡವೆಗೆ ಹೋಗಲಿಲ್ಲ, ಇಲ್ಲಿನ ಹಗಲನ್ನೇ ಇಟ್ಟುಕೊಂಡರು. ರಾಮಾಚಾರಿಯ ಸಿಟ್ಟು ಹಾಡಾಗಿ ಹೆಡೆಯೆತ್ತುವುದು ಉರಿಬಿಸಿಲಿನಲ್ಲಿ. ವಿಜಯನಾರಸಿಂಹ ಬರೆದ, ವಿಜಯಭಾಸ್ಕರ್ ರಾಗ ಹಾಕಿದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಆ ಹಾವಿನ ದ್ವೇಷದ ಹಾಡನ್ನು ನೆನೆಸಿಕೊಂಡು ಈ ಬಂಡೆಗಳ ನಡುವೆ ನಿಂತರೆ ಕ್ಯಾಮೆರಾ ಏನು ಮಾಡಿತ್ತು ಎಂಬುದು ಗೊತ್ತಾಗುತ್ತದೆ. ಬಂಡೆ ಇಲ್ಲಿ ಹಿನ್ನೆಲೆಯಲ್ಲ. ಮನುಷ್ಯನ ಹತ್ತು ಪಟ್ಟು ಎತ್ತರದ ಗುಂಡು, ಅದರ ಬುಡದಲ್ಲಿ ತೆಳ್ಳನೆಯ ಹುಡುಗ, ಮೇಲೆ ಬರೀ ಆಕಾಶ. ಹುಡುಗ ಎಷ್ಟು ಅರಚಿದರೂ ಗುಂಡು ಅಲುಗಾಡುವುದಿಲ್ಲ. ಊರು ಅವನ ಮಾತಿಗೆ ಹೇಗೆ ಕೂತಿತ್ತೋ ಹಾಗೇ ಕೂತಿದೆ.

ಮಾವ ನೆರಳು ಹುಡುಕಿ ಒಂದು ಮಂಟಪದ ಕಟ್ಟೆ ಹಿಡಿಯುತ್ತಾರೆ. ನಾನು ಒಬ್ಬನೇ ಓಬವ್ವನ ಕಿಂಡಿಗೆ ಇಳಿಯುತ್ತೇನೆ.

ಕಿಂಡಿ ಇದೇ ಎಂದು ಯಾರಾದರೂ ತೋರಿಸದಿದ್ದರೆ ದಾಟಿಯೇ ಹೋಗಿಬಿಡುತ್ತೀರಿ. ಎರಡು ಬಂಡೆಗಳು ಒಂದನ್ನೊಂದು ಒರಗಿಕೊಂಡ ಕಡೆ ಉಳಿದ ಸಂದು, ಅಷ್ಟೆ. ತಲೆ ತಗ್ಗಿಸಿ, ಹೆಗಲನ್ನು ಓರೆ ಮಾಡಿ ನುಗ್ಗಬೇಕು. ಎರಡು ಹೆಜ್ಜೆ ಒಳಗೆ ಹೋದೊಡನೆ ಬಿಸಿಲು ನಿಂತುಹೋಗಿ ಮೈಗೆ ತಂಪು ಬಡಿಯುತ್ತದೆ. ಬಾವಲಿಯ ವಾಸನೆ. ಮೊಣಕೈಗೆ ಕಲ್ಲು ತರಚುತ್ತದೆ. ಒಳಗೆ ನುಸುಳುವವನಿಗೆ ಎದುರಿಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಅವನ ತಲೆ ಮಾತ್ರ ಮೊದಲು ಹೊರಗೆ ಬರುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಹೀಗೆ ತಲೆ ಹಾಕಿದಾಗ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತಿದ್ದಳು ಎನ್ನುತ್ತದೆ ಐತಿಹ್ಯ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದ, ಆಕೆ ಅವನಿಗೆ ಕುಡಿಯಲು ನೀರು ತರಲು ಬಂದಿದ್ದಳು. ಹತ್ತಿರದಲ್ಲೇ ತಣ್ಣೀರು ದೋಣಿ ಇದೆ. ನಮ್ಮ ಕಥೆಗಳಲ್ಲಿ ಹೆಂಗಸರು ನೀರಿಗೆ ಬಂದಾಗಲೇ ಎಲ್ಲವೂ ಆಗುತ್ತದೆ.

‘ನಾಗರಹಾವು’ ಈ ಕಥೆಯನ್ನು ಒಂದು ಹಾಡಿನೊಳಗೆ ಪೂರ್ತಿ ಹೇಳಿಬಿಡುತ್ತದೆ, ಓಬವ್ವನಾಗಿ ಜಯಂತಿ. ಮುಖ್ಯ ಕಥೆಗೆ ಬೇಕಿಲ್ಲದ ಹಾಡು ಎಂದು ಬಹಳ ಕಾಲ ನಾನು ಅಂದುಕೊಂಡಿದ್ದೆ. ಕಿಂಡಿಯೊಳಗೆ ಓರೆಯಾಗಿ ನಿಂತಾಗ ಹಾಗೆ ಅನ್ನಿಸುವುದಿಲ್ಲ. ಏಳು ಸುತ್ತಿನ ಗೋಡೆ ಕಟ್ಟಿದವರೂ ಬಿಟ್ಟುಬಿಟ್ಟ ಸಂದಿದು. ಅಲ್ಲಿ ನಿಂತು ಲೆಕ್ಕ ಚುಕ್ತಾ ಮಾಡಬೇಕಾದವಳು ಒಬ್ಬ ಹೆಂಗಸು, ಸಂಬಳವಿಲ್ಲದವಳು. ಅದೇ ಸಿನಿಮಾದಲ್ಲಿ ಇನ್ನೊಬ್ಬ ಹೆಂಗಸು ಇನ್ನೊಬ್ಬರು ಬಿಟ್ಟ ಸಂದಿಗೆ ತನ್ನನ್ನೇ ಕೊಡುತ್ತಾಳೆ. ಆಕೆಗೆ ಮಾತ್ರ ಹಾಡಿಲ್ಲ, ಪ್ರತಿಮೆಯಿಲ್ಲ.

ಮೇಲೆ ಗೋಪಾಲಸ್ವಾಮಿ ಹೊಂಡದ ನೀರು ಹಸಿರಾಗಿದೆ. ಮಳೆಗಾಲದಲ್ಲಿ ಇದು ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನವರು ತುಳುಕಿಸಿದ್ದು ಕೆಳಗಿನವರಿಗೆ ತಲುಪುವ ಏರ್ಪಾಟು. 1779ರಲ್ಲಿ ಕೋಟೆ ಹೈದರನ ಕೈಗೆ ಹೋದಾಗ ಮದಕರಿನಾಯಕನ ರಾಣಿಯರು ಅಕ್ಕ ತಂಗಿಯರ ಹೊಂಡಕ್ಕೆ ಹಾರಿದರು ಎಂದು ಊರವರು ಹೇಳುತ್ತಾರೆ. ಇನ್ನೂ ಮುಂದೆ ಹೋದರೆ ಅರಮನೆಯ ಬಯಲು. ಮಳೆಗೆ ಕರಗಿ ಕರಗಿ ಉಳಿದ ಎತ್ತರದ ಮಣ್ಣಿನ ಗೋಡೆಗಳು. ಸೂರಿಲ್ಲ, ಕದವಿಲ್ಲ, ಗೋಡೆಯ ತೂತುಗಳಲ್ಲಿ ಗಿಳಿಗಳು. ಈ ಬಯಲಿನ ಮೇಲೆಯೇ ತರಾಸು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಬರೆದರು. ದಳವಾಯಿಯ ಸಂಚು, ಗಾದಿ, ಕೊಲೆ. ಕೊನೆಗೆ ‘ದುರ್ಗಾಸ್ತಮಾನ’, ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಕೊಂಡು ವರ್ಷ ಕಳೆದಿತ್ತು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಈ ಮನುಷ್ಯ ಜೀವಮಾನವಿಡೀ ಒಂದೇ ಬೆಟ್ಟವನ್ನು ಬರೆದ. ಒಮ್ಮೆ ಪಾಳೆಯಗಾರನನ್ನು ಇಟ್ಟುಕೊಂಡು, ಇನ್ನೊಮ್ಮೆ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನನ್ನು ಇಟ್ಟುಕೊಂಡು.

ಸಿನಿಮಾ ನೋಡಿದ ತರಾಸು ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದದ್ದು ನಾಡಿಗೆಲ್ಲ ಗೊತ್ತು. ಮೂರು ಪುಸ್ತಕಗಳನ್ನು ಮೂರು ಗಂಟೆಗೆ ಇಳಿಸಿದವರ ಮೇಲೆ ಬರೆದವನಿಗೆ ಸಿಟ್ಟು ಬರುವುದು ನ್ಯಾಯವೇ. ಆದರೂ ನಾನು ಈ ವಿಷಯದಲ್ಲಿ ಪುಟ್ಟಣ್ಣನ ಪಕ್ಷ. ವಿಷದ ಹಲ್ಲು ಸಿನಿಮಾದಲ್ಲಿ ಇದೆ. ಅದು ಹಾವಿನ ಬಾಯಲ್ಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

"ಆ ಗುಂಡಿನ ಮೇಲಿಂದ್ಲೇ ರಾಮಾಚಾರಿ ಹಾರಿದ್ದು ಅಂತಾರೆ ಕಣಪ್ಪ" ಎಂದು ಮಾವ ಎದುರಿನ ಒಂದು ಬಂಡೆ ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕಡಲೆಕಾಯಿ ಮಾರುವವ ಇನ್ನೊಂದು ಬಂಡೆ ತೋರಿಸುತ್ತಾನೆ. ಇಳಿಯುವಾಗ ಸಿಕ್ಕ ಗೈಡು ಮೂರನೆಯದನ್ನು ತೋರಿಸಿ, "ಇಲ್ಲೇ ಸಾರ್, ಹಿಂದೀಲೂ ತೆಗೆದ್ರಲ್ಲ, ಅದೂ ಇಲ್ಲೇ" ಎನ್ನುತ್ತಾನೆ. ಹಿಂದಿಯ ಮಾತು ನಿಜ. ಪುಟ್ಟಣ್ಣನೇ 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂದು ಇದನ್ನು ಮತ್ತೆ ತೆಗೆದರು. ರಿಷಿ ಕಪೂರ್ ಕೂಡ ಇದೇ ಕಲ್ಲುಗಳ ನಡುವೆ ಓಡಾಡಿ ಹೋದರು. ಅವರನ್ನು ಇಲ್ಲಿ ಯಾರೂ ನೆನೆಸಿಕೊಳ್ಳುವುದಿಲ್ಲ. ದುರ್ಗದವರಿಗೆ ರಾಮಾಚಾರಿ ಸಿನಿಮಾದ ಪಾತ್ರವಲ್ಲ, ಕೆಟ್ಟುಹೋದ ಪಕ್ಕದ ಮನೆಯ ಹುಡುಗ.

ಸಂಜೆ ಬಸ್ಸು ಹಿರಿಯೂರಿನ ಕಡೆ ಇಳಿಯುತ್ತದೆ. ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿವೆ. ಹಿರಿಯೂರಿನಲ್ಲಿ ಇಳಿದು, ಚಹಾ ಕುಡಿದು, ಹೊಸದುರ್ಗದ ಕಡೆಯ ಬಸ್ಸು ಹಿಡಿದರೆ ತೆಂಗು, ಅಡಿಕೆ ತೋಟಗಳು ಶುರು. ಇಷ್ಟು ಹೊತ್ತು ಒಣಕಲಾಗಿದ್ದ ಗಾಳಿಗೆ ಒಮ್ಮೆಲೇ ಮಣ್ಣಿನ ತೇವ ಹತ್ತುತ್ತದೆ. ಮಾರಿಕಣಿವೆ ಬಂತು ಎಂದು ಕಣ್ಣು ಮುಚ್ಚಿ ಹೇಳಬಹುದು.

ಎರಡು ಗುಡ್ಡಗಳ ನಡುವಿನ ಕಣಿವೆಗೆ ಕಲ್ಲಿನ ಕದ ಹಾಕಿದ ಹಾಗೆ ಕಟ್ಟೆ ನಿಂತಿದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ್ದು. ಶುರುವಾದಾಗ ರಾಜ್ಯ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು ಇದಕ್ಕೆ. ಆದರೆ ಸುತ್ತಿನ ಹಳ್ಳಿಯವರ ಬಾಯಲ್ಲಿ ಇವತ್ತಿಗೂ ಇದು ಕಣಿವೆ ಮಾರಮ್ಮನ ಜಾಗ. ಕಟ್ಟೆಯ ಕೆಳಗೆ ಅವಳ ಗುಡಿ. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. 130 ಅಡಿಯ ಗುರುತು ಮುಟ್ಟಿದ ದಿನ ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆಯಿಂದ ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಎಂಬತ್ತೊಂಬತ್ತು ವರ್ಷದಲ್ಲಿ ಹುಟ್ಟಿ ಸತ್ತವರು ಎಷ್ಟೋ ಮಂದಿ ಕೋಡಿ ಎಂಬುದನ್ನು ಬರೀ ಕೇಳಿದ್ದರು. ನಾವು ಕಟ್ಟೆಯ ಮೇಲೆ ಮಂಟಪದ ಹತ್ತಿರ ನಿಂತು ನೋಡುತ್ತಿರುವಾಗ ನೀರು ಹಿನ್ನೀರಿನ ಗುಡ್ಡಗಳವರೆಗೂ ಹಾಸಿಕೊಂಡು ಕಪ್ಪಾಗುತ್ತಿದೆ. "ಅಡಿಯಾಗೆ ಊರುಗಳವೆ" ಎನ್ನುತ್ತಾರೆ ಮಾವ, ಅಡಿಕೆ ರೇಟು ಹೇಳುವ ದನಿಯಲ್ಲೇ.

ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಕೂತಿದ್ದಾರೆ. ಮುಂದೆ ಒಂದು ಗುಂಡುಕಲ್ಲು, ಪಕ್ಕದಲ್ಲಿ ಬೀಜದ ಮೊರ. ಊಟ ಆದ ಮೇಲೆ ನಾನು ಮೊಬೈಲಿನಿಂದ ಟೀವಿಗೆ ಸಿನಿಮಾ ಹಾಕುತ್ತೇನೆ. 2018ರಲ್ಲಿ ಬಣ್ಣ ತಿಕ್ಕಿ, ಸದ್ದು ಸರಿ ಮಾಡಿ ಮತ್ತೆ ಥಿಯೇಟರಿಗೆ ಬಿಟ್ಟಿದ್ದ ಚಿತ್ರವಲ್ಲವೇ, ಆಗ ಬೆಂಗಳೂರಿನಲ್ಲಿ ಪರದೆಗೆ ಹಾಲು ಸುರಿಯುವಷ್ಟು ಗದ್ದಲವಿತ್ತು. ಈ ಪಡಸಾಲೆಯಲ್ಲಿ ಗದ್ದಲವಿಲ್ಲ. ಗುಂಡುಕಲ್ಲು ಟಕ್ ಎನ್ನುತ್ತದೆ, ಬೀಜ ಮೊರಕ್ಕೆ ಬೀಳುತ್ತದೆ, ಮಧ್ಯೆ ಮಧ್ಯೆ ಮಾತು.

ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿಯನ್ನು ಪ್ರಿನ್ಸಿಪಾಲರು ತರಗತಿಯ ಎದುರು ಅವಮಾನಿಸುತ್ತಾರೆ. ರಾತ್ರಿ ಅವನು ಅವರ ಮನೆಗೆ ಕಲ್ಲು ತೂರಿ, ಅಟ್ಟಿಸಿಕೊಂಡು ಬಂದ ಅವರನ್ನು ಅರೆಬೆತ್ತಲಾಗಿ ಕಂಬಕ್ಕೆ ಕಟ್ಟುತ್ತಾನೆ. ಮಾವ ಹಳೆಯ ಸ್ನೇಹಿತನನ್ನು ಕಂಡ ಹಾಗೆ ನಗುತ್ತಾರೆ. ಪ್ರಿನ್ಸಿಪಾಲರ ಪಾತ್ರದಲ್ಲಿ ಲೋಕನಾಥ್ ಬೈಸಿಕೊಳ್ಳಲೆಂದೇ ಹುಟ್ಟಿದವರಂತಿದ್ದಾರೆ. ಇಷ್ಟು ಹೊತ್ತಿಗೇ ಊರು ತೀರ್ಪು ಕೊಟ್ಟಾಗಿದೆ: ಹುಡುಗ ಕೆಟ್ಟ. ಅವನೊಳಗೆ ಬೇರೆ ಏನಾದರೂ ಇದೆ ಎಂದು ನಂಬುವವರು ಇಬ್ಬರೇ, ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ. ಚಾಮಯ್ಯನವರಾಗಿ ಕೆ.ಎಸ್. ಅಶ್ವಥ್ ಬಂದು ನಿಂತೊಡನೆ ಅತ್ತೆಯ ಕೈ ನಿಲ್ಲುತ್ತದೆ. ಕಚ್ಚೆಪಂಚೆ, ಕೋಟು, ಕಣ್ಣಲ್ಲಿ ಆ ತಂಪು. ಕನ್ನಡಿಗರ ಪಾಲಿಗೆ ಮೇಷ್ಟ್ರು ಎಂದರೆ ಹೀಗಿರಬೇಕು ಎಂದು ಮುದ್ರೆ ಒತ್ತಿಬಿಟ್ಟ ಮುಖ ಅದು.

"ಇಂಥೋರು ನಮಗ್ ಸಿಗಲಿಲ್ಲ ನೋಡ್ರಿ."

"ಸಿಕ್ಕಿದ್ರೆ ನಾನು ನಿನಗ್ ಸಿಗ್ತಿರ್ಲಿಲ್ಲ" ಎನ್ನುತ್ತಾರೆ ಮಾವ, ಟೀವಿಯಿಂದ ಕಣ್ಣು ತೆಗೆಯದೆ.

ಅಂಬರೀಷ್ ಬರುತ್ತಾರೆ. ಸೈಕಲ್ಲು, ಸಿಗರೇಟು, ಹೆಣ್ಣುಮಕ್ಕಳನ್ನು ಬುಲ್‌ಬುಲ್ ಎಂದು ಕರೆಯುವ ಆ ಸೋಮಾರಿ ದನಿ. ಎಷ್ಟು ಹೊತ್ತು ಇರುತ್ತಾರೆ ಎಂದು ಲೆಕ್ಕ ಹಾಕಿದರೆ ಹೆಚ್ಚೇನಿಲ್ಲ, ಆದರೂ ಎದ್ದು ಹೋದ ಮೇಲೆ ತೆರೆಯಲ್ಲಿ ಒಂದು ಖಾಲಿ ಕುರ್ಚಿ ಉಳಿದ ಹಾಗಿರುತ್ತದೆ. ಜಲೀಲನ ಕಾಟದಿಂದ ತಂಗಿ ಅಲಮೇಲುವನ್ನು ಬಿಡಿಸಲು ವರದ ಗೆಳೆಯ ರಾಮಾಚಾರಿಯ ಕಾಲು ಹಿಡಿಯುತ್ತಾನೆ, ತಂಗಿಯನ್ನೇ ಕೊಡುವ ಮಾತಾಡುತ್ತಾನೆ. ಕೆಲಸ ಆದ ಮೇಲೆ ಮಾತು ತಿರುವಿ ಹಾಕುತ್ತಾನೆ. ವರದನಾಗಿ ಶಿವರಾಂ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆಂದರೆ ಕೋಪವೂ ಬರುವುದಿಲ್ಲ. ಇಂಥ ಸಣ್ಣ ಸುಳ್ಳು ಯಾವ ಬೀದಿಯಲ್ಲಿಲ್ಲ? ಅಷ್ಟರಲ್ಲಿ ಅಲಮೇಲು ಮತ್ತು ರಾಮಾಚಾರಿ ಒಬ್ಬರನ್ನೊಬ್ಬರು ಹಚ್ಚಿಕೊಂಡಾಗಿದೆ. ಬಂಡೆಗಳ ಮೇಲೆ ಸ್ಲೋ ಮೋಷನ್ನಿನಲ್ಲಿ ಓಡಿದ್ದೂ ಆಗಿದೆ.

ಆಗ ಮೇಷ್ಟ್ರು ಬರುತ್ತಾರೆ. ಬೈಯುವುದಿಲ್ಲ. ಕೋಲು ಎತ್ತುವುದಿಲ್ಲ. ಜಾತಿ ಬೇರೆ, ಬಿಟ್ಟುಬಿಡು ಎಂದು ಕೇಳಿಕೊಳ್ಳುತ್ತಾರೆ. ಊರಿನ ಯಾರ ಮಾತನ್ನೂ ಕೇಳದ ಹುಡುಗ ಇವರೊಬ್ಬರ ಮಾತನ್ನು ತೆಗೆದುಹಾಕಲಾರ. ಪ್ರೀತಿಸಿದವರಲ್ಲವೇ, ಅದಕ್ಕೇ. ರಾಮಾಚಾರಿ ಬಿಡುತ್ತಾನೆ. ಅಲಮೇಲುವಿನ ಮದುವೆ ಬೇರೆ ಕಡೆ ಆಗುತ್ತದೆ. ಮೇಷ್ಟ್ರ ಕೋಟಿನ ಮೇಲೆ ಒಂದು ಕಲೆಯೂ ಬಿದ್ದಿಲ್ಲ.

ನನಗೆ ಇಲ್ಲಿ ಪ್ರತಿ ಸಲವೂ ಡೋರಿಯನ್ ಗ್ರೇ ನೆನಪಾಗುತ್ತಾನೆ. ಆಸ್ಕರ್ ವೈಲ್ಡ್‌ನ ಆ ಕಾದಂಬರಿ 1890ರದು. 1945ರಲ್ಲಿ ಆಲ್ಬರ್ಟ್ ಲೆವಿನ್ ಅದನ್ನು ಸಿನಿಮಾ ಮಾಡಿದ. ಚೆಲುವ ಹುಡುಗ, ಅವನ ಚಿತ್ರ ಬರೆದ ಬೆಸಿಲ್, ಕಿವಿಯಲ್ಲಿ ಮಾತು ಸುರಿದು ಅವನನ್ನು ಕೆಡಿಸುವ ಲಾರ್ಡ್ ಹೆನ್ರಿ. ಹುಡುಗ ಏನು ಮಾಡಿದರೂ ಅವನ ಮುಖ ಹಾಗೇ ಇರುತ್ತದೆ, ಪಾಪವೆಲ್ಲ ಹೋಗಿ ಪಟದ ಮೇಲೆ ಕೂರುತ್ತದೆ. ಆ ಪಟವನ್ನು ಅವನು ಬಚ್ಚಿಡುವುದು ಮನೆಯ ಮೇಲಂತಸ್ತಿನಲ್ಲಿ, ಚಿಕ್ಕಂದಿನಲ್ಲಿ ತಾನು ಪಾಠ ಕಲಿತ ಕೋಣೆಯಲ್ಲಿ. ಲೆವಿನ್ ಸಿನಿಮಾವನ್ನು ಕಪ್ಪು ಬಿಳುಪಿನಲ್ಲಿ ತೆಗೆದು, ಪಟ ಕಾಣುವ ಕೆಲವೇ ಕ್ಷಣಗಳಿಗೆ ಮಾತ್ರ ಬಣ್ಣ ಹಚ್ಚಿದ. ಐವನ್ ಆಲ್‌ಬ್ರೈಟ್ ಬರೆದ ಆ ಕೊಳೆತ ಮುಖ ಒಮ್ಮೆಗೇ ಕೆಂಪು ಹಸಿರಾಗಿ ಎದುರಿಗೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಛಾಯಾಗ್ರಹಣಕ್ಕೆ ಆಸ್ಕರ್ ಬಂತು. ಕೊನೆಗೆ ಡೋರಿಯನ್ ಯಾರನ್ನು ಕೊಲ್ಲುತ್ತಾನೆ ಎಂದರೆ ಬೆಸಿಲ್‌ನನ್ನು, ತನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನನ್ನು.

ವೈಲ್ಡ್‌ಗೆ ಇಬ್ಬರು ಬೇಕಾದರು, ಹುಡುಗನನ್ನು ಪ್ರೀತಿಸುವವನೊಬ್ಬ, ಮಾತಿನಿಂದ ಅವನ ಬಾಳು ತಿರುಗಿಸುವವನೊಬ್ಬ. ತರಾಸು ಮತ್ತು ಪುಟ್ಟಣ್ಣ ಇಬ್ಬರನ್ನೂ ಒಂದೇ ಕಚ್ಚೆಪಂಚೆಯೊಳಗೆ ಇಟ್ಟುಬಿಟ್ಟರು. ಲಾರ್ಡ್ ಹೆನ್ರಿಯ ಕೆಟ್ಟತನ ನೋಡುವವರಿಗೆ ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ, ಎಚ್ಚರವಾಗಿರಬಹುದು. ಚಾಮಯ್ಯನವರ ಬಗ್ಗೆ ಎಚ್ಚರವಾಗಿರುವುದು ಹೇಗೆ? ಅವರ ಬಾಯಲ್ಲಿ ಊರಿನ ಜಾತಿಯ ಲೆಕ್ಕಾಚಾರ ಹೊರಟಾಗ ಅದೂ ಪ್ರೀತಿಯ ಹಾಗೇ ಕೇಳಿಸುತ್ತದೆ.

"ಕಾಫಿ ಕುಡೀತೀಯೇನಪ್ಪ?" ಎಂದು ಅತ್ತೆ ಏಳುತ್ತಾರೆ. "ನಿಲ್ಸಬ್ಯಾಡ, ಒಳಗಿಂದಾನೂ ಕೇಳಿಸ್ತೈತೆ." ಹೊರಗೆ ತೋಟದ ಕಡೆ ಮೋಟರ್ ಸದ್ದು; ಕರೆಂಟು ಈ ಹೊತ್ತಿಗೆ ಕೊಡುತ್ತಾರೆ. ಮಾವ ಎದ್ದು ಹೋಗಿ ನೀರು ತಿರುಗಿಸಿ ಬರುವ ಹೊತ್ತಿಗೆ ರಾಮಾಚಾರಿ ಹೋಟೆಲಿನ ಕೋಣೆ ತಲುಪಿದ್ದಾನೆ.

ಈ ದೃಶ್ಯಕ್ಕೆ ಕೋಟೆಯಿಲ್ಲ, ಬಂಡೆಯಿಲ್ಲ. ದೊಡ್ಡ ಹೋಟೆಲು, ಮಂಚ, ದೀಪ, ಪರದೆ. ಅಲ್ಲಿ ಸಿಗುವವಳು ಅಲಮೇಲು. ಕಟ್ಟಿಕೊಂಡವನೇ ಅವಳನ್ನು ಮಾರಿದ್ದಾನೆ. ಅಲಮೇಲುವಾದ ಆರತಿ ಈ ಹಿಂದೆ ಬಂಡೆಯ ಮೇಲೆ ಓಡಿದ ಹುಡುಗಿಯೇ ಎಂದು ಗುರುತು ಹಿಡಿಯಲು ಅರೆಗಳಿಗೆ ಬೇಕು. ವಯಸ್ಸಾಗಿಲ್ಲ, ಮುಖಕ್ಕೆ ಗಾಯವಿಲ್ಲ. ಕಣ್ಣಿನೊಳಗಿಂದ ಯಾರೋ ಎದ್ದು ಹೋಗಿದ್ದಾರೆ. ಅತ್ತೆ ಕಾಫಿ ಲೋಟ ಕೆಳಗಿಡುವುದನ್ನು ಮರೆತು ಹಿಡಿದೇ ನಿಂತಿದ್ದಾರೆ. ಮೇಷ್ಟ್ರ ಮುಖದ ಮೇಲೆ ಬೀಳದೆ ಉಳಿದಿದ್ದ ಕಲೆ ಎಲ್ಲಿಗೆ ಹೋಗಿತ್ತು ಎಂದು ಈಗ ತಿಳಿಯುತ್ತದೆ. ಲಂಡನ್ನಿನ ಮನೆಯಲ್ಲಿ ಮೇಲಂತಸ್ತಿಗೆ ಬೀಗ ಹಾಕಿದ್ದರು. ಇಲ್ಲಿ ಊರಾಚೆಯ ಒಂದು ಕೋಣೆಗೆ ಹೆಣ್ಣುಮಗಳನ್ನು ಹಾಕಿ ಬೀಗ ಜಡಿದಿದ್ದಾರೆ. ದುರ್ಗದ ಬೀದಿಗಳು ಅಷ್ಟು ದಿನವೂ ಮರ್ಯಾದೆಯಿಂದ ಇದ್ದವು.

"ಒಳ್ಳೇ ಕಡೆ ಕೊಟ್ಟೀವಿ ಅಂತ ಅನ್ಕಂಡಿದ್ರು ಅವರು" ಎನ್ನುತ್ತಾರೆ ಮಾವ.

"ಯಾರು ಹೋಗಿ ನೋಡಿದ್ರು? ಮೇಷ್ಟ್ರು ಒಂದು ದಿನಾನಾದ್ರೂ ಬಸ್ ಹತ್ತಿ ಹೋಗಿ, ಏನವ್ವ ಎಂಗಿದೀಯಾ ಅಂತ ಕೇಳಿದ್ರಾ?"

ಮಾವನ ಹತ್ತಿರ ಉತ್ತರವಿಲ್ಲ. ಅತ್ತೆ ಮತ್ತೆ ಕೂತು ಗುಂಡುಕಲ್ಲು ಎತ್ತುತ್ತಾರೆ. ಈಗ ಟಕ್ ಎನ್ನುವ ಸದ್ದು ಸ್ವಲ್ಪ ಜೋರಾಗಿದೆ.

ಉಳಿದ ಕಥೆ ಬೇಗ ಓಡುತ್ತದೆ. ರಾಮಾಚಾರಿಯ ಬಾಳಿಗೆ ಮಾರ್ಗರೇಟ್ ಬರುತ್ತಾಳೆ, ಈಗ ಧರ್ಮವೇ ಬೇರೆ. ಊರು ಎದ್ದು ನಿಲ್ಲುತ್ತದೆ. ಸಿನಿಮಾದ ಈ ಭಾಗ ಅವಸರದ್ದು. ಮೂರು ಪುಸ್ತಕದ ಭಾರ ಇಲ್ಲಿ ಕಾಣುತ್ತದೆ, ತರಾಸು ಗೊಣಗಿದ್ದರಲ್ಲಿ ತಪ್ಪಿಲ್ಲ. ಶುಭಾ ಹಟ ಹಿಡಿದ ಮಾರ್ಗರೇಟಾಗಿ ಚೆನ್ನಾಗಿದ್ದಾರೆ, ಆದರೆ ಆಕೆಗೆ ಉಸಿರಾಡಲು ಜಾಗ ಕೊಟ್ಟಿಲ್ಲ. ಮೇಷ್ಟ್ರು ಎರಡನೆಯ ಸಲ ಬರುತ್ತಾರೆ, ಅದೇ ಮಾತು ಹೇಳಲು. ಈ ಸಲ ಬೆಟ್ಟದ ಮೇಲೆ. ಹಗಲು. ನಾನು ಬೆಳಿಗ್ಗೆ ಕೈ ಊರಿ ಎಳೆದುಕೊಂಡಂಥದೇ ಬಂಡೆ. ಅಲಮೇಲುವನ್ನು ಕಂಡು ಬಂದ ಹುಡುಗನಿಗೆ ಈಗ ಆ ಮಾತಿನ ಬೆಲೆ ಗೊತ್ತು. ಅಶ್ವಥ್ ಅವರ ದನಿ ಒಡೆಯುತ್ತದೆ, ವಿಷ್ಣುವರ್ಧನ್ ಕತ್ತಿನ ನರ ಉಬ್ಬುತ್ತದೆ. ಮಾತಿಗೆ ಮಾತು ಬೆಳೆದು, ಸಿಟ್ಟಿನ ಒಂದು ಗಳಿಗೆಯಲ್ಲಿ ಕೈ ಮುಂದೆ ಹೋಗುತ್ತದೆ. ಮೇಷ್ಟ್ರು ಅಂಚಿನಲ್ಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗನೂ ಮಾರ್ಗರೇಟಳೂ ಇಲ್ಲ. ನಾಡಿನ ಥಿಯೇಟರುಗಳಲ್ಲಿ ಜನ ಅಳುತ್ತಾ ಎದ್ದು ಹೋದದ್ದು ಇಲ್ಲಿಂದಲೇ. ಯಾರಿಗಾಗಿ ಅತ್ತರು ಎಂದು ಕೇಳಿದರೆ ಬಹುತೇಕ ಎಲ್ಲರೂ ಹೇಳುವುದು ಮೇಷ್ಟ್ರ ಹೆಸರನ್ನು, ಇಲ್ಲವೇ ರಾಮಾಚಾರಿಯ ಹೆಸರನ್ನು.

"ಬೇಕಂತ ತಳ್ಳಿದ್ದಲ್ಲ ಅದು" ಎನ್ನುತ್ತಾರೆ ಮಾವ. ಕಣ್ಣು ಒದ್ದೆಯಾಗಿದೆ, ಟವೆಲ್ ಎಳೆದುಕೊಳ್ಳುತ್ತಾರೆ. "ಕೈ ತಪ್ಪಿ ಆಗಿದ್ದು. ಹಿಂದಕ್ಕೆ ಹಾಕು, ತೋರಿಸ್ತೀನಿ. ಬಲಗೈ ನೋಡು ನೀನು."

"ಅದಿರ್ಲಿ ಬಿಡ್ರಿ, ತಳ್ಳಿದ್ರೆ ಒಂದು, ಜಾರಿದ್ರೆ ಒಂದು" ಎಂದು ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಹುಳಿ ಅಂಟಿದ ಕೈಯನ್ನು ಸೀರೆಯ ಅಂಚಿಗೆ ಒರೆಸಿಕೊಳ್ಳುತ್ತಾರೆ. "ಏನಪ್ಪ, ಆ ಹೋಟ್ಲು ರೂಮಿಗೆ ಹೋಗು. ಆ ಹುಡುಗಿ ಮುಖ ಇನ್ನೊಂದ್ ಸಲ ನೋಡ್ಬೇಕು ನಾನು."

ಮಾವ ಏನೋ ಹೇಳಲು ಬಾಯಿ ತೆರೆಯುತ್ತಾರೆ. ನಾನು ಮೊಬೈಲ್ ಎತ್ತಿಕೊಂಡು ಗೆರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುತ್ತೇನೆ. ಬೆಟ್ಟ ದಾಟಿ, ಮಾರ್ಗರೇಟಳನ್ನು ದಾಟಿ, ಇನ್ನೂ ಹಿಂದಕ್ಕೆ.